ನಿದ್ದೆಯಲ್ಲಿ ಬಂದ ಉತ್ತರ

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಅಜ್ಜಿ ಹೇಳಿದ್ದನ್ನು ಕೇಳಿದ್ದೀರಲ್ಲ ಮಕ್ಕಳೇ? ನಿಜವಾಗುವ ಮಾತು ಹಾಗಿರಲಿ, ಕನಸಿಗೂ ಬೆಳಗಿನ ಜಾವಕ್ಕೂ ನಂಟಂತೂ ಇದೆ.

ರಾತ್ರಿಯಿಡೀ ನಿದ್ದೆ ಒಂದೇ ಸಮನೆ ಇರುವುದಿಲ್ಲ. ಮೊದಲು ಮಂಪರು, ಆಮೇಲೆ ಗಾಢ ನಿದ್ದೆ, ಅದಾದ ಮೇಲೆ ಒಂದು ವಿಚಿತ್ರ ನಿದ್ದೆ. ಆಗ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು, ಬಟ್ಟೆಯಡಿ ಗೋಲಿ ಉರುಳಿದ ಹಾಗೆ, ಅತ್ತಿತ್ತ ಓಡಾಡುತ್ತವೆ. ತೊಟ್ಟಿಲಲ್ಲಿ ಮಲಗಿದ ಪಾಪುವನ್ನು ಸ್ವಲ್ಪ ಹೊತ್ತು ಗಮನಿಸಿದರೆ ನಿಮಗೂ ಕಾಣಿಸೀತು.

ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಎಂಬುವರು ತಮ್ಮ 8 ವರ್ಷದ ಮಗನ ತಲೆಗೆ ತಂತಿಗಳನ್ನು ಅಂಟಿಸಿ ಯಂತ್ರಕ್ಕೆ ಜೋಡಿಸಿ ಮಲಗಿಸಿದ್ದರು. ಸ್ವಲ್ಪ ಹೊತ್ತಿಗೆ ಯಂತ್ರದ ಪೆನ್ನುಗಳು ಕಾಗದದ ಮೇಲೆ ಜೋರಾಗಿ ಗೀಚತೊಡಗಿದವು. ಮಗ ಎದ್ದಿರಬೇಕು ಎಂದುಕೊಂಡು ಹೋಗಿ ನೋಡಿದರೆ ಅವನು ಒಳ್ಳೆಯ ನಿದ್ದೆಯಲ್ಲಿದ್ದಾನೆ! 1953ರಲ್ಲಿ ಅವರೂ ಅವರ ಗುರು ನಥಾನಿಯೆಲ್ ಕ್ಲೈಟ್‌ಮನ್ ಅವರೂ ಈ ನಿದ್ದೆಯ ವಿಷಯವನ್ನು ಪ್ರಕಟಿಸಿದರು. ಈಗ ಇದನ್ನು ರೆಮ್ ನಿದ್ದೆ ಎನ್ನುತ್ತಾರೆ. ಈ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಯಾವುದಾದರೂ ಕನಸನ್ನು ಹೇಳುತ್ತಾರೆ.

ದೊಡ್ಡವರಲ್ಲಿ ಸುಮಾರು 90 ನಿಮಿಷಕ್ಕೊಮ್ಮೆ ರೆಮ್ ಸರದಿ ಬರುತ್ತದೆ. ಮೊದಲ ಸರದಿ ಕೆಲವೇ ನಿಮಿಷ. ಬೆಳಗಾಗುತ್ತಾ ಬಂದಂತೆ ಅದು ಅರ್ಧ ಗಂಟೆಯವರೆಗೂ ಬೆಳೆಯಬಹುದು. ಉದ್ದನೆಯ ಕನಸುಗಳು ಬೆಳಗಿನ ಜಾವಕ್ಕೇ ಬೀಳುವುದು ಅದಕ್ಕೇ.

ಕೆಲವೊಮ್ಮೆ ಕನಸು ಕಾಣುತ್ತಿರುವಾಗಲೇ ‘ಅರೆ, ಇದು ಕನಸು!’ ಎಂದು ಗೊತ್ತಾಗಿಬಿಡುತ್ತದೆ. ಇದು ಲೂಸಿಡ್ ಡ್ರೀಮ್, ಅಂದರೆ ಅರಿವಿನ ಕನಸು. ಇದನ್ನು ಬರಿಸಿಕೊಳ್ಳಲು ಕೆಲವು ದೊಡ್ಡವರು ಹೊತ್ತು ನೋಡಿ ಮಲಗುತ್ತಾರೆ. ಐದಾರು ಗಂಟೆ ನಿದ್ದೆ ಮಾಡಿ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, ‘ಈ ಸಲ ಕನಸು ಬಿದ್ದರೆ ಗುರುತು ಹಿಡಿಯುತ್ತೇನೆ’ ಎಂದುಕೊಂಡು ಮತ್ತೆ ಮಲಗುತ್ತಾರೆ. ಅದು ರೆಮ್ ಹೆಚ್ಚಿರುವ ಹೊತ್ತು. ಮನಸ್ಸೂ ಆಗಷ್ಟೇ ಎಚ್ಚೆತ್ತಿರುತ್ತದೆ. ಹಾಗೆಂದು ಎಲ್ಲರಿಗೂ, ಪ್ರತಿ ಸಲವೂ ಇದು ಕೈಗೂಡುವುದಿಲ್ಲ.

‘ಕನಸಲ್ಲಿ ನನಗೆ ಅರಿವಿತ್ತು’ ಎಂದು ಯಾರು ಬೇಕಾದರೂ ಹೇಳಬಹುದು, ನಂಬುವುದು ಹೇಗೆ? ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಅಲುಗಾಡದಂತೆ ಇರುತ್ತವೆ. ಇಲ್ಲದಿದ್ದರೆ ಕನಸಿನ ಓಟವನ್ನು ಹಾಸಿಗೆಯಲ್ಲೇ ಓಡುತ್ತಿದ್ದೆವು! ಆದರೆ ಕಣ್ಣಿಗೆ ಈ ಕಟ್ಟು ಇಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಅಲನ್ ವರ್ಸ್‌ಲಿ ಎಂಬುವರು, ಮೊದಲೇ ಮಾತಾಡಿಕೊಂಡಂತೆ, ಕನಸಿನೊಳಗಿಂದ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿದರು. ಕೀತ್ ಹರ್ನ್ ಎಂಬ ಸಂಶೋಧಕರ ಯಂತ್ರ ಅದನ್ನು ದಾಖಲಿಸಿತು.

2021ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮುಂದೆ ಹೋಯಿತು. ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಮಲಗಿದ್ದ ಯುವಕನಿಗೆ ಸಂಶೋಧಕರು 8ರಲ್ಲಿ 6 ಕಳೆದರೆ ಎಷ್ಟು ಎಂದು ಕೇಳಿದರು. ನಿದ್ದೆಯಲ್ಲಿದ್ದ ಅವನು ಎರಡು ಸಲ ಕಣ್ಣು ಹೊರಳಿಸಿದ. ಲೆಕ್ಕ ಸರಿ!

ನೀವೂ ಅಲಾರಾಂ ಇಟ್ಟುಕೊಂಡು ನಡುರಾತ್ರಿ ಏಳಬೇಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೇ ಬೇಕು. ರಜೆಯ ದಿನ ತಾನಾಗಿ ಎಚ್ಚರವಾದಾಗ ಕಣ್ಣು ಮುಚ್ಚಿ ಹಾಗೇ ಮಲಗಿರಿ. ಕನಸನ್ನು ಬಾಲದಿಂದ ತಲೆಯವರೆಗೆ ನೆನಪಿಸಿಕೊಂಡು, ಎದ್ದೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನೊಂದು ಆಟವೂ ಇದೆ. ಕನಸಿನಲ್ಲಿ ಕಾಣುವ ಬರಹ ಎರಡನೇ ಸಲ ನೋಡುವಷ್ಟರಲ್ಲಿ ಬದಲಾಗಿಬಿಡುವುದುಂಟು. ಅದಕ್ಕೇ ಹಗಲು ಯಾವುದಾದರೂ ಅಂಗಡಿಯ ಬೋರ್ಡು ಓದಿ, ಮುಖ ತಿರುಗಿಸಿ, ಮತ್ತೊಮ್ಮೆ ಓದಿ. ರೂಢಿಯಾದರೆ ಕನಸಲ್ಲೂ ಹಾಗೇ ಮಾಡಬಹುದು. ಬೋರ್ಡಿನ ಮೇಲೆ ಮೊದಲಿನ ಹೆಸರೇ ಇದ್ದರೆ ನೀವು ಎಚ್ಚರವಾಗಿಯೇ ಇದ್ದೀರಿ, ರಸ್ತೆ ನೋಡಿಕೊಂಡು ದಾಟಿ!