ಹಿತ್ತಲಿನ ಮೊಟ್ಟೆಕೋಳಿ: ‘ಗ್ರಾಮಪ್ರಿಯ’ ತಳಿಯ ಪಾಲನೆ

ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಹಿತ್ತಲಿನ ಕೋಳಿಗೆ ವಿಶಿಷ್ಟವಾದ ಸ್ಥಾನವಿದೆ. ಹೊಲ, ಮನೆ, ದನಕರುಗಳು ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರಿನಲ್ಲಿದ್ದರೆ, ಹಿತ್ತಲಿನಲ್ಲಿ ಓಡಾಡುವ ನಾಲ್ಕಾರು ಕೋಳಿಗಳು ಮಾತ್ರ ಗೃಹಿಣಿಯ ಸ್ವಂತ ಸೊತ್ತು. ಮೊಟ್ಟೆ ಮಾರಿ ಬಂದ ಹಣ ಅವಳ ಕೈಯಲ್ಲಿಯೇ ಉಳಿಯುತ್ತದೆ; ಮಕ್ಕಳ ಪುಸ್ತಕಕ್ಕೋ, ಔಷಧಕ್ಕೋ, ಹಬ್ಬದ ಖರ್ಚಿಗೋ ಅದು ಒದಗುತ್ತದೆ. ದೊಡ್ಡ ದೊಡ್ಡ ಕೋಳಿ ಫಾರಂಗಳು ಬೆಳೆದುನಿಂತ ಮೇಲೂ ಈ ಪದ್ಧತಿ ಅಳಿಯಲಿಲ್ಲ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ-ಬಾತುಗಳ ಪೈಕಿ 31 ಕೋಟಿಗೂ ಹೆಚ್ಚಿನವು ಹಿತ್ತಲಿನಲ್ಲಿ ಬೆಳೆದವು. 2012ರ ಗಣತಿಗೆ ಹೋಲಿಸಿದರೆ ಈ ಸಂಖ್ಯೆ ಶೇಕಡಾ 46ರಷ್ಟು ಹೆಚ್ಚಿತ್ತು.

ಮೊಟ್ಟೆ ಸುಲಭವಾಗಿ ಜೀರ್ಣವಾಗುವ, ಉತ್ತಮ ದರ್ಜೆಯ ಸಸಾರಜನಕವುಳ್ಳ ಆಹಾರ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 180 ಮೊಟ್ಟೆಗಳು, ಅಂದರೆ ಎರಡು ದಿನಕ್ಕೊಂದರಂತೆ, ದೊರೆಯಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಶಿಫಾರಸು. 2022-23ರಲ್ಲಿ ದೇಶದಲ್ಲಿ ತಲಾ ಲಭ್ಯವಿದ್ದ ಮೊಟ್ಟೆಗಳು 101. ಇದು ಸರಾಸರಿ ಲೆಕ್ಕ. ಪೇಟೆಯಿಂದ ದೂರವಿರುವ ಹಳ್ಳಿಗಳ ಬಡ ಮಕ್ಕಳಿಗೆ ಸಿಗುವುದು ಇದಕ್ಕಿಂತಲೂ ಕಡಿಮೆ. ಅವರ ಪಾಲಿನ ಕೊರತೆಯನ್ನು ನೀಗಿಸಲು ಹಿತ್ತಲಿನ ಕೋಳಿಗಿಂತ ಹತ್ತಿರದ ಸಾಧನ ಬೇರೊಂದಿಲ್ಲ.

ಆದರೆ ನಾಟಿ ಕೋಳಿ, ಉತ್ತರ ಕರ್ನಾಟಕದವರು ಹೇಳುವ ಜವಾರಿ ಕೋಳಿ, ವರ್ಷಕ್ಕೆ ಇಡುವ ಮೊಟ್ಟೆಗಳು ಐವತ್ತು ಅರವತ್ತರ ಆಸುಪಾಸು. ಇದಕ್ಕೆ ಕಾರಣ ಅದರ ದೌರ್ಬಲ್ಯವಲ್ಲ, ತಾಯ್ತನ. ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟ ಕೂಡಲೇ ಹೇಂಟೆಯು ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿನ ಕಾವು ಕೊಟ್ಟು, ಮರಿಗಳು ಹೊರಬಂದ ಮೇಲೆ ಮತ್ತೆ ಎರಡು ಮೂರು ತಿಂಗಳ ಕಾಲ ಅವುಗಳನ್ನು ರೆಕ್ಕೆಯಡಿಯಲ್ಲಿಟ್ಟು ಸಲಹುತ್ತದೆ. ಈ ಅವಧಿಯಲ್ಲಿ ಅದು ಮೊಟ್ಟೆಯಿಡುವುದಿಲ್ಲ. ಹೀಗಾಗಿ ವರ್ಷದಲ್ಲಿ ಮೂರು ನಾಲ್ಕು ಸರದಿಗಳಿಗಿಂತ ಹೆಚ್ಚಿಗೆ ಅವಕಾಶವೇ ಇರುವುದಿಲ್ಲ.

ಈ ಕೊರತೆಯನ್ನು ನಿವಾರಿಸಲು ವಿಜ್ಞಾನಿಗಳು ಹಿತ್ತಲಿಗೆ ಒಗ್ಗುವ ಸುಧಾರಿತ ತಳಿಗಳನ್ನು ರೂಪಿಸಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಗೊಂಡ ‘ಗಿರಿರಾಜ’ ಕನ್ನಡಿಗರಿಗೆಲ್ಲ ಪರಿಚಿತ. ಅದು ಮಾಂಸ ಮತ್ತು ಮೊಟ್ಟೆ ಎರಡಕ್ಕೂ ಒದಗುವ ತಳಿ. ಮುಖ್ಯವಾಗಿ ಮೊಟ್ಟೆಗೆಂದೇ ಸಾಕಬಯಸುವವರಿಗೆ ಸೂಕ್ತವಾದದ್ದು ‘ಗ್ರಾಮಪ್ರಿಯ’. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆಶ್ರಯದಲ್ಲಿ 1988ರಲ್ಲಿ ಹೈದರಾಬಾದಿನ ರಾಜೇಂದ್ರನಗರದಲ್ಲಿ ಆರಂಭವಾದ, ಈಗ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಎಂದು ಕರೆಯಲಾಗುವ ಸಂಸ್ಥೆಯು ಇದನ್ನು ರೂಪಿಸಿತು. ಈ ಹೇಂಟೆಯ ಮೈಬಣ್ಣ ಹೆಚ್ಚಾಗಿ ಕಂದು. ಬಿಳಿಯ ಫಾರಂ ಕೋಳಿಯಂತೆ ಅದು ದೂರದಿಂದಲೇ ಹದ್ದಿನ ಕಣ್ಣಿಗೆ ಎದ್ದು ಕಾಣುವುದಿಲ್ಲ. ಇಡುವ ಮೊಟ್ಟೆಯೂ ಕಂದು ಬಣ್ಣದ್ದಾಗಿದ್ದು, ನಾಟಿ ಕೋಳಿಯ ಮೊಟ್ಟೆಗಿಂತ ದೊಡ್ಡದು. ಸುಮಾರು ಐದೂವರೆ ತಿಂಗಳ ಪ್ರಾಯದಲ್ಲಿ ಮೊಟ್ಟೆಯಿಡಲು ಆರಂಭಿಸಿ, ಹಿತ್ತಲಿನ ಪಾಲನೆಯಲ್ಲಿಯೇ ವರ್ಷಕ್ಕೆ 160ರಿಂದ 180 ಮೊಟ್ಟೆಗಳನ್ನು ಕೊಡುವ ಸಾಮರ್ಥ್ಯ ಇದಕ್ಕಿದೆ.

ಗ್ರಾಮಪ್ರಿಯ ಹೇಂಟೆ ಕಾವಿಗೆ ಕೂರುವುದಿಲ್ಲ. ಹೆಚ್ಚು ಮೊಟ್ಟೆಯ ಗುಟ್ಟು ಬಹುಪಾಲು ಇದರಲ್ಲಿಯೇ ಅಡಗಿದೆ. ಆದರೆ ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ನಾಟಿ ಮರಿಗೆ ಕಾವು ಕೊಡುವವಳು, ಕಾಳು ಕೆದಕಿ ತೋರಿಸುವವಳು, ಹದ್ದು ಬಂದಾಗ ಕೂಗಿ ಎಚ್ಚರಿಸುವವಳು ತಾಯಿ ಕೋಳಿ. ಯಂತ್ರದಲ್ಲಿ ಒಡೆದುಬಂದ ಗ್ರಾಮಪ್ರಿಯ ಮರಿಗೆ ತಾಯಿಯೆಂಬುದಿಲ್ಲ. ಆ ತಾಯಿಯ ಕೆಲಸವನ್ನು ಸಾಕುವವರೇ ಮಾಡಬೇಕು. ಸುಧಾರಿತ ತಳಿಯ ಮರಿಗಳನ್ನು ತಂದು, ನಾಟಿ ಕೋಳಿಯಂತೆಯೇ ತಮ್ಮಷ್ಟಕ್ಕೆ ಬೆಳೆಯಲೆಂದು ಬಿಟ್ಟು, ಒಂದೆರಡು ವಾರಗಳಲ್ಲಿ ಎಲ್ಲವನ್ನೂ ಕಳೆದುಕೊಂಡು, ತಳಿಯನ್ನೇ ದೂರುವವರು ಮರೆತಿರುವ ಸಂಗತಿ ಇದೊಂದೇ.

ಮೊದಲ ಆರು ವಾರಗಳು ಅತ್ಯಂತ ನಿರ್ಣಾಯಕ. ಒಂದು ದಿನದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅನಂತರ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ತಗ್ಗಿಸುತ್ತ ಬರಬೇಕು. ಗಾಳಿಮಳೆ ತಾಗದ ಕೋಣೆಯ ನೆಲದ ಮೇಲೆ ಎರಡು ಮೂರು ಅಂಗುಲ ದಪ್ಪನಾಗಿ ಭತ್ತದ ಹೊಟ್ಟನ್ನು ಹರಡಿ, ಮೊದಲ ಕೆಲವು ದಿನ ಅದರ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಬೇಕು. ಒಂದು ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡನ್ನು ಸುತ್ತ ವೃತ್ತಾಕಾರವಾಗಿ ನಿಲ್ಲಿಸಬೇಕು. ಚೌಕಾಕಾರವಾದರೆ ಮರಿಗಳು ಮೂಲೆಯಲ್ಲಿ ಒತ್ತರಿಸಿ ಉಸಿರುಗಟ್ಟಿ ಸಾಯುತ್ತವೆ. ಮರಿಯೊಂದಕ್ಕೆ ಎರಡು ವಾಟ್‌ನಂತೆ ಲೆಕ್ಕ ಹಾಕಿ, ಮೂವತ್ತು ಮರಿಗಳಿಗೆ 60 ವಾಟ್‌ನ ಒಂದು ದೀಪವನ್ನು ತೂಗುಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಇದಕ್ಕೆ ತಂತಿ ಉರಿಯುವ ಹಳೆಯ ಬಗೆಯ ಬಲ್ಬೇ ಆಗಬೇಕು. ಈಗ ಮನೆಮನೆಯಲ್ಲಿರುವ ಎಲ್‌ಇಡಿ ದೀಪ ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಬಿಸಿ ಕೊಡುವುದಿಲ್ಲ. ವಿದ್ಯುತ್ ಕೈಕೊಡುವ ಊರುಗಳಲ್ಲಿ, ಹೊಗೆಯಿಲ್ಲದ ಕೆಂಡವನ್ನು ಮಣ್ಣಿನ ಮಡಕೆಯಲ್ಲಿ ತುಂಬಿ, ಮರಿಗಳು ತಾಗದಂತೆ ಬಲೆ ಮುಚ್ಚಿ, ಗಾಳಿಯಾಡುವ ಕೋಣೆಯಲ್ಲಿ ಇಡುವ ವಾಡಿಕೆಯಿದೆ.

ಶಾಖ ಸರಿಯಿದೆಯೇ ಎಂದು ತಿಳಿಯಲು ಉಷ್ಣಮಾಪಕವೇ ಬೇಕೆಂದಿಲ್ಲ. ಮರಿಗಳು ದೀಪದಡಿ ಒಂದರ ಮೇಲೊಂದು ಗುಂಪುಗೂಡಿದರೆ ಚಳಿಯಾಗಿದೆಯೆಂದು ಅರ್ಥ. ದೀಪದಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಹೆಚ್ಚಾಗಿದೆ. ಎಲ್ಲೆಡೆ ಸಮನಾಗಿ ಹರಡಿ, ತಿನ್ನುತ್ತ ಕುಡಿಯುತ್ತ ಇದ್ದರೆ ಎಲ್ಲವೂ ಸರಿಯಾಗಿದೆ. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡುವ ಅಭ್ಯಾಸವೊಂದೇ ಅನೇಕ ಮರಿಗಳ ಪ್ರಾಣ ಉಳಿಸುತ್ತದೆ. ಮೊದಲ ದಿನ ಮುರಿದ ಮೆಕ್ಕೆಜೋಳದ ಸಣ್ಣ ನುಚ್ಚು, ಅನಂತರ ಮರಿಗಳ ಸಿದ್ಧ ಆಹಾರ, ಸದಾಕಾಲ ಶುದ್ಧವಾದ ನೀರು ಇರಬೇಕು. ಹೀಗೆ ಮನುಷ್ಯರ ಕೈಯಲ್ಲಿ ತಿಂದು ಬೆಳೆದ ಮರಿಗಳು ಮನೆಯವರ ದನಿಯನ್ನು ಗುರುತಿಸತೊಡಗುತ್ತವೆ. ಮುಂದೆ ಹಿತ್ತಲಿಗೆ ಬಿಟ್ಟಾಗ ಕರೆದರೆ ಓಡಿಬರುವ, ಮಕ್ಕಳ ಕಾಲಬಳಿ ಹೆದರದೆ ಸುಳಿಯುವ ಸೌಮ್ಯ ಸ್ವಭಾವ ಬೆಳೆಯುವುದು ಈ ಆರು ವಾರಗಳಲ್ಲಿಯೇ.

ಎರಡನೆಯ ರಕ್ಷಣೆ ಲಸಿಕೆ. ಕೊಕ್ಕರೆ ರೋಗವೆಂದು ಹಳ್ಳಿಗರು ಕರೆಯುವ ರಾಣಿಖೇತ್ ರೋಗವು ಒಂದು ವಾರದೊಳಗೆ ಇಡೀ ಊರಿನ ಕೋಳಿಗಳನ್ನು ಬಲಿ ತೆಗೆದುಕೊಳ್ಳಬಲ್ಲದು. ಕುಮಾವೂನ್ ಬೆಟ್ಟಗಳ ರಾಣಿಖೇತ್ ಪಟ್ಟಣದ ಹೆಸರು ಈ ರೋಗಕ್ಕೆ ಅಂಟಿಕೊಂಡಿದೆ. ಅದೇ ಬೆಟ್ಟಗಳ ಮುಕ್ತೇಶ್ವರದ ಹೆಸರು ಅದರ ಒಂದು ಲಸಿಕೆಗೆ ಸಂದಿದೆ. ಈ ರೋಗಕ್ಕೆ ಔಷಧವಿಲ್ಲ, ತಡೆ ಮಾತ್ರ ಉಂಟು. ಮರಿಗೆ ಐದರಿಂದ ಏಳು ದಿನಗಳಾದಾಗ ಲಸೋಟಾ ಲಸಿಕೆಯನ್ನು ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಹಾಕಿಸಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ ಕೊಡಿಸಬೇಕು. ಎಂಟರಿಂದ ಹತ್ತನೆಯ ವಾರದೊಳಗೆ ಮುಕ್ತೇಶ್ವರದ ಹೆಸರಿನ ಆ ಆರ್‌2ಬಿ ಲಸಿಕೆಯನ್ನು ಚುಚ್ಚಿಸಬೇಕು. ಗಂಬೋರೊ ಮತ್ತು ಕೋಳಿ ಸಿಡುಬಿನ ಲಸಿಕೆಗಳನ್ನು ಸ್ಥಳೀಯ ಪಶುವೈದ್ಯರ ಸಲಹೆಯಂತೆ ಹಾಕಿಸುವುದು ಅವಶ್ಯ. ಮ್ಯಾರೆಕ್ಸ್ ರೋಗದ ಲಸಿಕೆಯನ್ನು ಮೊದಲ ದಿನವೇ ಮರಿ ಕೇಂದ್ರದಲ್ಲಿ ಕೊಡಲಾಗಿದೆಯೇ ಎಂದು ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಇಲ್ಲಿ ಒಂದು ಪ್ರಾಯೋಗಿಕ ತೊಡಕಿದೆ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು, ಒಮ್ಮೆ ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿ ಸಾಕಿದ ಒಂಟಿ ಮನೆಗೆ ಇದು ಹೊರೆಯೆನಿಸಿ ಲಸಿಕೆಯೇ ತಪ್ಪಿಹೋಗುತ್ತದೆ. ಕೇರಿಯ ಹತ್ತು ಮನೆಯವರು ಒಂದೇ ವಾರದಲ್ಲಿ ಮರಿ ತಂದು, ಒಂದೇ ದಿನ ಲಸಿಕೆ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ಮಹಿಳಾ ಸ್ವಸಹಾಯ ಗುಂಪುಗಳು ಈ ಹೊಣೆಯನ್ನು ಸುಲಭವಾಗಿ ನಿರ್ವಹಿಸಬಲ್ಲವು.

ಆರು ವಾರಗಳಾದ ಮೇಲೆ ಮರಿಗಳನ್ನು ಹಿತ್ತಲಿಗೆ ಬಿಡಬಹುದು. ಹಗಲೆಲ್ಲ ಅವು ಹುಳುಹುಪ್ಪಟೆ, ಉದುರಿದ ಕಾಳು, ಎಳೆಯ ಹುಲ್ಲು ಮೇಯುತ್ತವೆ. ಸಂಜೆ ತಪ್ಪದೆ ಗೂಡಿಗೆ ಸೇರಿಸಬೇಕು. ಬೆಕ್ಕು, ನಾಯಿಗಳ ಹಾವಳಿ ರಾತ್ರಿಯಲ್ಲಿಯೇ ಹೆಚ್ಚು. ಹತ್ತು ಕೋಳಿಗಳಿಗೆ ಹದಿನೈದರಿಂದ ಇಪ್ಪತ್ತು ಚದರ ಅಡಿಯ, ನೆಲದಿಂದ ಎತ್ತರಿಸಿದ, ಬಿದಿರು ಅಥವಾ ಮರದ ಗೂಡು ಸಾಕು. ಗಾಳಿ ಆಡಬೇಕು, ನೀರು ನಿಲ್ಲಬಾರದು, ಸಂದುಗಳಲ್ಲಿ ಮುಂಗುಸಿ ನುಸುಳಬಾರದು. ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಹುಲ್ಲು ಹಾಸಿದ ಬುಟ್ಟಿಯನ್ನು ಮಬ್ಬುಗತ್ತಲ ಮೂಲೆಯಲ್ಲಿಟ್ಟರೆ ಅವು ಅಲ್ಲಿಯೇ ಮೊಟ್ಟೆಯಿಡುತ್ತವೆ.

ಮೇಯ್ದದ್ದು ಮಾತ್ರದಿಂದಲೇ ಇಷ್ಟು ಮೊಟ್ಟೆ ಬರುವುದಿಲ್ಲ. ಸಂಜೆ ಗೂಡಿಗೆ ಸೇರಿಸುವಾಗ ಕೋಳಿಯೊಂದಕ್ಕೆ 30ರಿಂದ 40 ಗ್ರಾಂ ನುಚ್ಚಕ್ಕಿ, ಜೋಳ, ರಾಗಿ, ತೌಡು ಮುಂತಾದವುಗಳ ಮಿಶ್ರಣ ಕೊಡಬೇಕು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ದಿನಕ್ಕೆ ನಾಲ್ಕೈದು ಗ್ರಾಂ ಸುಣ್ಣಕಲ್ಲಿನ ಅಥವಾ ಕಪ್ಪೆಚಿಪ್ಪಿನ ಪುಡಿ ಬೇಕು. ಪ್ರೀತಿಯಿಂದ ಅತಿಯಾಗಿ ತಿನ್ನಿಸುವುದೂ ತಪ್ಪು. ಕೊಬ್ಬಿದ ಹೇಂಟೆ ಮೊಟ್ಟೆ ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ನೆರಳು ಮತ್ತು ತಂಪು ನೀರು ತಪ್ಪಬಾರದು. ಹಗಲು ಕಿರಿದಾಗುವ ಚಳಿಗಾಲದಲ್ಲಿ ಮೊಟ್ಟೆ ಇಳಿಯುವುದು ಸಹಜ, ಅದು ರೋಗವಲ್ಲ. ಮೊಟ್ಟೆಗಾಗಿ ಹುಂಜ ಇರಲೇಬೇಕೆಂಬ ನಂಬಿಕೆಯೂ ಸರಿಯಲ್ಲ. ಹುಂಜವಿಲ್ಲದೆ ಇಟ್ಟ ಮೊಟ್ಟೆ ತಿನ್ನಲು ಅಷ್ಟೇ ಪೌಷ್ಟಿಕ, ಸೆಕೆಗಾಲದಲ್ಲಿ ಹೆಚ್ಚು ದಿನ ಕೆಡದೆ ಉಳಿಯುತ್ತದೆ.

ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಅವುಗಳನ್ನು ಮಾರಬಾರದು, ತಿನ್ನಬಾರದು, ಬರಿಗೈಯಲ್ಲಿ ಮುಟ್ಟಲೂ ಬಾರದು. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಂದಿನಿಂದ ಈ ಎಚ್ಚರ ಎಲ್ಲ ಸಾಕಣೆದಾರರ ಕರ್ತವ್ಯವಾಗಿದೆ.

ಲಾಭನಷ್ಟದ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಮರಿ ಕೊಳ್ಳುವಾಗ ಹೆಣ್ಣು ಗಂಡು ಬೇರ್ಪಡಿಸದೆ ಕೊಡುವುದೇ ಹೆಚ್ಚು. ಇಪ್ಪತ್ತಕ್ಕೂ ಮೇಲ್ಪಟ್ಟು ತಂದರೆ ಹತ್ತು ಹೇಂಟೆಗಳು ನಿಲ್ಲುತ್ತವೆ, ಹುಂಜಗಳನ್ನು ನಾಲ್ಕು ತಿಂಗಳ ಹೊತ್ತಿಗೆ ಮಾರಬಹುದು. ಹತ್ತು ಹೇಂಟೆಗಳು ವರ್ಷಕ್ಕೆ 160ರಂತೆ ಇಟ್ಟರೆ 1,600 ಮೊಟ್ಟೆ. ಐದು ಜನರ ಕುಟುಂಬಕ್ಕೆ ತಲಾ 180ರಂತೆ 900 ಬೇಕು. ಉಳಿದ 700 ಮಾರಾಟಕ್ಕೆ. ದಿನಕ್ಕೆ 350 ಗ್ರಾಂನಂತೆ ಕೊಡುವ ಕಾಳಿನ ಮೊತ್ತ ವರ್ಷಕ್ಕೆ ಸುಮಾರು 128 ಕಿಲೋ, ಅಂದರೆ ಮೊಟ್ಟೆಯೊಂದಕ್ಕೆ 80 ಗ್ರಾಂ. ಇದು ಪುಕ್ಕಟೆಯ ಮೊಟ್ಟೆಯಲ್ಲ, ಆದರೆ ಅಗ್ಗದ ಮೊಟ್ಟೆ. ಮಾರಾಟಕ್ಕಿಂತ ಮೊದಲು ಮನೆಯ ಮಕ್ಕಳ, ಗರ್ಭಿಣಿಯರ ಪಾಲನ್ನು ತೆಗೆದಿಡುವುದು ವಿವೇಕ. ಎಲ್ಲ ಮೊಟ್ಟೆಯೂ ಪೇಟೆ ಸೇರಿ, ಮಗುವಿನ ತಟ್ಟೆ ಬರಿದಾಗಿಯೇ ಉಳಿದರೆ ಕೋಳಿ ಸಾಕಿದ ಉದ್ದೇಶವೇ ಈಡೇರದು.

ಗ್ರಾಮಪ್ರಿಯ ಸಂಕರ ತಳಿಯಾದುದರಿಂದ ಅದರ ಮೊಟ್ಟೆಯಿಂದ ಮನೆಯಲ್ಲಿಯೇ ಮರಿ ಮಾಡಿದರೆ ತಾಯಿಯ ಗುಣ ಪೂರ್ಣವಾಗಿ ಉಳಿಯುವುದಿಲ್ಲ. ಹೊಸ ತಂಡಕ್ಕೆ ಹೊಸ ಮರಿಗಳನ್ನೇ ತರಬೇಕು. ಇದೇ ಕಾರಣದಿಂದ ನಾಟಿ ಕೋಳಿಯನ್ನು ಸಂಪೂರ್ಣವಾಗಿ ಕೈಬಿಡುವುದು ಜಾಣತನವಲ್ಲ. ಹೊರಗಿನ ನೆರವಿಲ್ಲದೆ ತನ್ನ ಸಂತತಿಯನ್ನು ತಾನೇ ಮುಂದುವರಿಸುವ ಶಕ್ತಿ ಅದಕ್ಕೆ ಮಾತ್ರ ಇದೆ. ಎರಡೂ ಬಗೆಯ ಕೋಳಿಗಳಿಗೆ ಒಂದೇ ಹಿತ್ತಲಿನಲ್ಲಿ ಸ್ಥಳವುಂಟು. ಆದರೆ ಹೊರಗಿನಿಂದ ತಂದ ಹೊಸ ಮರಿಗಳನ್ನು ಮೊದಲ ಕೆಲವು ವಾರ ಬೇರೆಯಾಗಿಯೇ ಇಡಬೇಕು.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರಿಗೂ ಈ ಉಪಕಸುಬು ದೂರದ್ದಲ್ಲ. ಹೈದರಾಬಾದಿನವರಿಗೆ ತಳಿಯ ತವರು ರಾಜೇಂದ್ರನಗರ ಹತ್ತಿರದಲ್ಲಿಯೇ ಇದೆ. ಉಳಿದೆಡೆಯವರು ಆಯಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಪಶುವೈದ್ಯಕೀಯ ಕಾಲೇಜು ಅಥವಾ ಪಶುಸಂಗೋಪನಾ ಇಲಾಖೆಯಲ್ಲಿ ಮರಿಗಳ ಬಗೆಗೆ ವಿಚಾರಿಸಬಹುದು. ನಗರದ ಅಂಚಿನಲ್ಲಿ ಸ್ವಂತ ಅಂಗಳವುಳ್ಳವರು ಸ್ಥಳೀಯ ಸಂಸ್ಥೆಯ ನಿಯಮಗಳನ್ನು ಮೊದಲು ತಿಳಿದುಕೊಂಡು, ನೆರೆಯವರಿಗೆ ತೊಂದರೆಯಾಗದಂತೆ ನಾಲ್ಕೈದು ಹೇಂಟೆಗಳಿಂದ ಆರಂಭಿಸಬಹುದು. ಮಹಡಿಮನೆಗಳಲ್ಲಿ ಇರುವವರು ಊರಿನಲ್ಲಿರುವ ತಾಯಿಗೋ, ಅತ್ತಿಗೆಗೋ ಒಂದು ತಂಡ ಮರಿಗಳನ್ನು ಕೊಡಿಸಬಹುದು. ಆದರೆ ಮರಿಗಳೊಡನೆ ದೀಪ, ಲಸಿಕೆ, ಗೂಡು ಈ ಮೂರರ ಏರ್ಪಾಟನ್ನೂ ಮಾಡಿಕೊಡಬೇಕು. ತಾಯಿಯಿಲ್ಲದ ಮರಿಗೆ ಆರು ವಾರ ತಾಯಿಯಾದ ಮನೆಗೆ ಆ ಕೋಳಿ ಒಂದು ವರ್ಷಕ್ಕೂ ಮಿಕ್ಕಿ ಮೊಟ್ಟೆಯಿತ್ತು ಋಣ ತೀರಿಸುತ್ತದೆ.