ಸರೋವರದ ಭೂತ, ಸಮುದ್ರದ ಮೀನು



ಲಾಕ್ ನೆಸ್ ಹೆಸರು ಕೇಳಿರುತ್ತೀರಿ. ಸ್ಕಾಟ್‌ಲೆಂಡಿನಲ್ಲಿ ಸುಮಾರು 37 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಸರೋವರ. ಕೆಲವೆಡೆ 200 ಮೀಟರಿಗೂ ಮಿಕ್ಕಿದ ಆಳ, ಕಷಾಯದಂಥ ನೀರು. ಒಳಗೆ ಏನಿದೆ ಎಂದು ಯಾರು ಏನು ಬೇಕಾದರೂ ಹೇಳಬಹುದು, ಹೇಳಿಯೂ ಇದ್ದಾರೆ. ಆರನೆಯ ಶತಮಾನದಲ್ಲಿ ಸಂತ ಕೊಲಂಬಾ ನೆಸ್ ನದಿಯ ಮೃಗವೊಂದನ್ನು ಗದರಿಸಿ ಓಡಿಸಿದನಂತೆ. ನಡುವಿನ ಶತಮಾನಗಳನ್ನು ಬಿಟ್ಟುಬಿಡೋಣ. 1933ರ ಮೇ ತಿಂಗಳಲ್ಲಿ ‘ಇನ್ವರ್ನೆಸ್ ಕೊರಿಯರ್’ ಪತ್ರಿಕೆ, ನೀರಲ್ಲಿ ಏನೋ ಹೊರಳಾಡಿತು ಎಂದು ಬರೆದದ್ದೇ ತಡ, ಜನ ಕ್ಯಾಮೆರಾ ಹಿಡಿದು ಓಡಿದರು.

ಅವರಲ್ಲಿ ನನಗೆ ಅಚ್ಚುಮೆಚ್ಚು ಮಾರ್ಮಡ್ಯೂಕ್ ವೆದರೆಲ್. ಸಿನಿಮಾ ಮಾಡಿದವನು, ದೊಡ್ಡ ಬೇಟೆಗಾರನೆಂಬ ಬಿರುದೂ ಇತ್ತು. ‘ಡೈಲಿ ಮೇಲ್’ ಪತ್ರಿಕೆ ಈತನನ್ನು ಕಳಿಸಿತು. ಹೋದ ಕೆಲವೇ ದಿನಕ್ಕೆ ದಡದಲ್ಲಿ ದೈತ್ಯ ಹೆಜ್ಜೆ ಸಿಕ್ಕಿಯೇಬಿಟ್ಟಿತು! ಅಚ್ಚು ತೆಗೆದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಕಳಿಸಿದರು. ಉತ್ತರ ಬಂತು: ಇದು ನೀರಾನೆಯ ಕಾಲು, ಅದೂ ಒಣಗಿಸಿಟ್ಟದ್ದು. ಕೊಡೆ ಇಡುವ ಸ್ಟ್ಯಾಂಡೋ ಏನೋ ಇರಬೇಕು. ವೆದರೆಲ್‌ಗೆ ಊರೆಲ್ಲ ನಕ್ಕಿತು.

ಆತ ಸುಮ್ಮನಿರಲಿಲ್ಲ. ಮಲಮಗನ ಕೈಯಲ್ಲಿ ಆಟಿಕೆ ಸಬ್‌ಮರೀನಿಗೆ ಕತ್ತು, ತಲೆ ಅಂಟಿಸಿ ನೀರಿಗೆ ಬಿಟ್ಟ. ಫೋಟೋವನ್ನು ಮರ್ಯಾದಸ್ಥ ಡಾಕ್ಟರೊಬ್ಬರ ಹೆಸರಲ್ಲಿ, 1934ರ ಏಪ್ರಿಲ್‌ನಲ್ಲಿ, ಅದೇ ಪತ್ರಿಕೆಗೇ ಮುಟ್ಟಿಸಿದ. ಉದ್ದ ಕತ್ತಿನ ಆ ಚಿತ್ರ ನೀವೂ ನೋಡಿರುತ್ತೀರಿ. ಗುಟ್ಟು ಬಯಲಾದದ್ದು 1994ರಲ್ಲಿ. ಅರವತ್ತು ವರ್ಷ! ಸಿಟ್ಟಿನಿಂದ ಮಾಡಿದ ಕೆಲಸ ಎಷ್ಟು ಅಚ್ಚುಕಟ್ಟು ನೋಡಿ.

ಹಾಗಾದರೆ ಅಲ್ಲಿ ಪ್ರಾಣಿ ಇದೆಯೆ? ಇಲ್ಲ ಎನ್ನಲು ನನಗೇ ಬೇಜಾರು. ಆದರೆ ಹತ್ತು ಸಾವಿರ ವರ್ಷದ ಹಿಂದಿನವರೆಗೂ ಆ ಸರೋವರ ಹಿಮದಡಿ ಇತ್ತು. ಒಂಟಿ ಪ್ರಾಣಿ ಯುಗಯುಗ ಬಾಳುವುದಿಲ್ಲ; ಸಂಸಾರ ಬೇಕು, ಅಷ್ಟಕ್ಕೂ ಮೀನು ಬೇಕು. 2018ರಲ್ಲಿ ನ್ಯೂಜಿಲೆಂಡಿನ ನೀಲ್ ಗೆಮ್ಮೆಲ್ ಆ ನೀರಿನಲ್ಲಿ ಡಿಎನ್‌ಎ ಹುಡುಕಿದರು. ಸರೀಸೃಪದ ಸುಳಿವಿಲ್ಲ, ಹಾವುಮೀನಿನದು ಮಾತ್ರ ಧಾರಾಳ.

ನಿರಾಶರಾಗಬೇಡಿ. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಊರಿಗೆ ಬನ್ನಿ, 1938ರ ಡಿಸೆಂಬರ್. ಮ್ಯೂಸಿಯಮ್ಮಿನ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಮೀನುದೋಣಿಯವರಿಗೆ ಕ್ರಿಸ್‌ಮಸ್ ಶುಭಾಶಯ ಹೇಳಲು ಬಂದರಿಗೆ ಹೋದರು. ರಾಶಿಯ ನಡುವೆ ನೀಲಿ ಬಣ್ಣದ ರೆಕ್ಕೆ ಕಂಡಿತು. ಎಳೆದರೆ ಒಂದೂವರೆ ಮೀಟರಿನ ಮೀನು! ನಾರುತ್ತದೆಂದು ಟ್ಯಾಕ್ಸಿಯವನು ತಕರಾರು ತೆಗೆದ, ಶವಾಗಾರದವರು ಜಾಗ ಕೊಡಲಿಲ್ಲ. ಆಕೆ ಬಿಡಲಿಲ್ಲ. ಅದು ಸೀಲಕ್ಯಾಂತ್, ಆರೂವರೆ ಕೋಟಿ ವರ್ಷದ ಹಿಂದೆಯೇ ಅಳಿದುಹೋಯಿತೆಂದು ಪುಸ್ತಕಗಳು ಬರೆದಿದ್ದ ಮೀನು. ಆಕೆಯ ಹೆಸರನ್ನೇ ಅದಕ್ಕೆ ಇಟ್ಟರು: ಲ್ಯಾಟಿಮೇರಿಯಾ.

ಎರಡನೆಯದು ಸಿಗಲು ಹದಿನಾಲ್ಕು ವರ್ಷ ಹಿಡಿಯಿತು. ಸಿಕ್ಕಿದ್ದು ಕೊಮೊರೊ ದ್ವೀಪಗಳಲ್ಲಿ. ಅಲ್ಲಿನ ಬೆಸ್ತರಿಗೆ ಅದು ಗೊತ್ತಿದ್ದ ಮೀನೇ, ಗೊಂಬೆಸ್ಸ ಎನ್ನುತ್ತಿದ್ದರು. ಇದರದೇ ಇನ್ನೊಂದು ಜಾತಿ 1997ರಲ್ಲಿ ವಿಜ್ಞಾನಿಗಳ ಕಣ್ಣಿಗೆ ಬಿತ್ತು, ಇಂಡೋನೇಷ್ಯಾದ ಮನಾಡೊ ಊರಿನ ಮೀನು ಮಾರುಕಟ್ಟೆಯಲ್ಲಿ, ಮಾರಾಟಕ್ಕೆ.