ಇಳಿವಯಸ್ಸಿನ ಮನೆಗೆ ಪರಿಮಾಣವೆಷ್ಟು?



ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಪರಿಮಾಣ. ಸರ್ವಸ್ವವನ್ನೂ ತೊರೆಯಲಾಗದ ಗೃಹಸ್ಥನು ತನಗೆ ಇಷ್ಟು ಸಾಕೆಂದು ತಾನೇ ಮಿತಿ ಹಾಕಿಕೊಳ್ಳುವುದು ಈ ವ್ರತ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಇದರ ಅತಿಚಾರಗಳನ್ನು ಎಣಿಸುವಾಗ ಹೊಲ-ಮನೆಗಳನ್ನೇ ಮೊದಲಿಗೆ ಇರಿಸಿದ್ದಾರೆ. ದಶಲಕ್ಷಣ ಪರ್ವದಲ್ಲಿ ವರ್ಷಕ್ಕೊಮ್ಮೆ ಕೇಳಿ ಮರೆಯುವ ಈ ಮಾತು ದೆಹಲಿ, ನೋಯ್ಡಾ, ಗುರುಗ್ರಾಮಗಳ ಕನ್ನಡ ಜೈನ ಹಿರಿಯರ ಮುಂದೆ ಇಂದು ವ್ಯವಹಾರದ ಪ್ರಶ್ನೆಯಾಗಿ ನಿಂತಿದೆ.

ನೌಕರಿಗೆಂದು ಬಂದು ಇಲ್ಲಿಯೇ ನಿವೃತ್ತರಾದ ದಂಪತಿಯ ಮನೆಯನ್ನು ಕಲ್ಪಿಸಿಕೊಳ್ಳಿ. ದ್ವಾರಕಾದಲ್ಲಿಯೋ ಪಟಪಡ್‌ಗಂಜ್‌ನಲ್ಲಿಯೋ ಸಹಕಾರ ಸಂಘದ ಮೂರು ಕೋಣೆಗಳ ಫ್ಲಾಟು. ಮಕ್ಕಳು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ. ಬಳಕೆಯಲ್ಲಿರುವುದು ಒಂದೇ ಕೋಣೆ. ಮಂಚದ ಪೆಟ್ಟಿಗೆಯ ತುಂಬ ಬಾರದ ಅತಿಥಿಗಳಿಗಾಗಿ ಕಾದಿರುವ ರಜಾಯಿಗಳು, ಅಟ್ಟದ ಮೇಲೆ ಕೆಟ್ಟ ಕೂಲರು, ಊರಿನಿಂದ ತಂದ ಹಿತ್ತಾಳೆಯ ಹಂಡೆ. ಲಿಫ್ಟ್ ಇಲ್ಲದ ಡಿಡಿಎ ಫ್ಲಾಟಿನ ಮೂರನೆಯ ಮಹಡಿಯಾದರೆ ಮಂಡಿನೋವು ಬೇರೆ. ಚಿಕ್ಕ ಮನೆಗೆ ಹೋಗಬೇಕೆಂಬುದು ಇಬ್ಬರಿಗೂ ಗೊತ್ತು. ಮುಂದಿನ ವರ್ಷ ನೋಡೋಣ ಎಂಬುದು ಪ್ರತಿವರ್ಷದ ಉತ್ತರ. ಕೊನೆಗೆ ಒಬ್ಬರು ಬಿದ್ದು ಆಸ್ಪತ್ರೆ ಸೇರಿದಾಗ, ನಾಲ್ಕು ದಿನದ ರಜೆಯಲ್ಲಿ ಬಂದ ಮಕ್ಕಳು ಕಬಾಡಿಯವನನ್ನು ಕರೆಯುತ್ತಾರೆ. ಅಂದು ಮನೆ ಬರಿದಾಗುತ್ತದೆ. ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು.

ಆದುದರಿಂದ ಕೈಕಾಲು ಗಟ್ಟಿಯಿರುವಾಗಲೇ ಪರಿಮಾಣವನ್ನು ಬರೆದಿಡಬೇಕು. ಅದರಲ್ಲಿ ಮೊದಲ ಲೆಕ್ಕ ತೆರಿಗೆಯದು. ಹಳೆಯ ಮನೆ ಮಾರಿ ಬಂದ ಬಂಡವಾಳ ಲಾಭ 1 ಕೋಟಿ 60 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ವರ್ಷದೊಳಗೆ 90 ಲಕ್ಷದ ಚಿಕ್ಕ ಮನೆ ಕೊಂಡರೆ ಅಷ್ಟಕ್ಕೆ ವಿನಾಯಿತಿ. ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ ಐದು ವರ್ಷಕ್ಕೆ 50 ಲಕ್ಷ ತೊಡಗಿಸಿದರೆ ಅದಕ್ಕೂ ವಿನಾಯಿತಿ. ಉಳಿದ 20 ಲಕ್ಷಕ್ಕೆ ಶೇ. 12.5ರ ದರದಲ್ಲಿ ತೆರಿಗೆ ಎರಡೂವರೆ ಲಕ್ಷ, ಸೆಸ್ ಬೇರೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಹಳೆಯ ವಿಧಾನದ ಲೆಕ್ಕದಲ್ಲಿ ಇನ್ನೂ ಕಡಿಮೆ ಬರಲೂಬಹುದು. ಆದರೆ ಈ ಎರಡೂವರೆ ಲಕ್ಷವನ್ನು ಉಳಿಸಲೆಂದೇ ಇನ್ನೂ 20 ಲಕ್ಷ ಸುರಿದು ಮತ್ತೊಂದು ಕೋಣೆ ಕೊಳ್ಳುವವರಿದ್ದಾರೆ. ಅದನ್ನು ಗುಡಿಸಬೇಕು, ಅದಕ್ಕೂ ನಿರ್ವಹಣಾ ಶುಲ್ಕ ಕಟ್ಟಬೇಕು. ಬೇಡವೆಂದು ಹೊರಟ ಪರಿಗ್ರಹವು ತೆರಿಗೆಯ ನೆಪದಲ್ಲಿ ಮರಳಿ ಬಂದಂತಾಯಿತು. ಸಲ್ಲಬೇಕಾದ ತೆರಿಗೆ ಸಲ್ಲಿಸುವುದು ನಷ್ಟವಲ್ಲ. ಬೆಲೆಯ ಒಂದು ಪಾಲನ್ನು ಲೆಕ್ಕಕ್ಕೆ ಸೇರಿಸದೆ ನಗದಾಗಿ ಪಡೆಯುವ ವಾಡಿಕೆಯಂತೂ ಅಚೌರ್ಯವ್ರತಕ್ಕೇ ಕುಂದು.

ಎರಡನೆಯದು ಹೆಸರು. ಚಿಕ್ಕ ಮನೆಯು ಹಿರಿಯ ದಂಪತಿಯ ಹೆಸರಿನಲ್ಲಿಯೇ ಇರಬೇಕು. ಪತ್ನಿಯ ಹೆಸರೂ ಪತ್ರದಲ್ಲಿರಬೇಕು. ಮಮಕಾರ ಬಿಡುವ ಭರದಲ್ಲಿ ಎಲ್ಲವನ್ನೂ ಮಗನಿಗೆ ದಾನಪತ್ರ ಮಾಡಿಕೊಟ್ಟು, ಅವನ ಮನೆಯಲ್ಲಿ ಅತಿಥಿಗಳಾಗುವುದು ವಿವೇಕವಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂಪಡೆಯಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೆಯ ಕಲಮು ಅವಕಾಶ ನೀಡುತ್ತದೆ. ಆದರೆ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಒಡವೆ ಹಂಚುವಾಗ, ಉಯಿಲು ಬರೆಯುವಾಗ ಹೆಣ್ಣುಮಕ್ಕಳನ್ನು ಮರೆಯಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ.

ಮೂರನೆಯದು ಸಾಮಾನು. ಇದಕ್ಕೆ ನಮ್ಮ ಪರಂಪರೆಯ ಚತುರ್ವಿಧ ದಾನವೇ ಉತ್ತಮ ಪಟ್ಟಿ. ದೊಡ್ಡ ಪಾತ್ರೆಗಳು ಆಹಾರದಾನಕ್ಕೆ, ವಾಕರ್, ಗಾಲಿಕುರ್ಚಿಗಳು ಔಷಧದಾನಕ್ಕೆ, ಪುಸ್ತಕಗಳು ಶಾಸ್ತ್ರದಾನಕ್ಕೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು; ಗೆದ್ದಲು ತಿಂದ ಕಟ್ಟನ್ನು ಬಸದಿಯ ಮೂಲೆಗೆ ತಂದಿಡಲಿಲ್ಲ. ಕೊಡುವ ವಸ್ತು ಪಡೆಯುವವರಿಗೆ ಬೇಕೇ ಎಂದು ಕೇಳಿ ಕೊಡುವುದು ದಾನದ ಮೊದಲ ಮರ್ಯಾದೆ. ನಾಲ್ಕನೆಯದು ಅಭಯದಾನ. ಔಷಧಿಗೆ, ಊಟಕ್ಕೆ ಸಾಲುವಷ್ಟನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಳ್ಳುವ ಹಿರಿಯರು ತಮಗೂ ಮಕ್ಕಳಿಗೂ ಅಭಯವನ್ನೇ ಕೊಡುತ್ತಾರೆ.

ಇಲ್ಲಿ ಸಮಾಜಕ್ಕೂ ಕರ್ತವ್ಯವಿದೆ. ಅಭಿಷೇಕದ ಸವಾಲಿನಲ್ಲಿ ಕಲಶಕ್ಕೆ ಲಕ್ಷಗಟ್ಟಲೆ ಕೂಗುವ ನಾವು, ಮನೆ ಬದಲಿಸುವ ವೃದ್ಧ ದಂಪತಿಯ ಬೀರು ಇಳಿಸಲು ಇಬ್ಬರು ತರುಣರನ್ನು ಕಳುಹಿಸುವುದಿಲ್ಲ. ಪ್ರತಿ ಜೈನ ಸಂಘವೂ ಗಾಲಿಕುರ್ಚಿ, ಮಂಚ, ಪಾತ್ರೆಗಳ ಒಂದು ಎರವಲು ಭಂಡಾರವನ್ನಿಟ್ಟು, ತಿಂಗಳಿಗೊಮ್ಮೆ ಉಯಿಲು-ತೆರಿಗೆಗಳ ಬಗ್ಗೆ ಉಚಿತ ಸಲಹೆ ಏರ್ಪಡಿಸಿದರೆ ಅದಕ್ಕೆ ಒಂದು ಕಲಶದ ಹಣವೂ ಬೇಕಾಗದು.

ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರು ಇದೇ ದೆಹಲಿಯ ಕುಂದಕುಂದ ಭಾರತಿಯಲ್ಲಿ 2019ರ ಸೆಪ್ಟೆಂಬರಿನಲ್ಲಿ ಸಲ್ಲೇಖನಪೂರ್ವಕವಾಗಿ ದೇಹವಿಟ್ಟರು. ದಿಗಂಬರ ಮುನಿಗೆ ಪಿಂಛಿ, ಕಮಂಡಲು, ಶಾಸ್ತ್ರಗಳಷ್ಟೇ ಉಪಕರಣ. ಗೃಹಸ್ಥರ ಪಟ್ಟಿ ಅಷ್ಟು ಚಿಕ್ಕದಾಗಲಾರದು. ಆದರೆ ಅದನ್ನು ಬರೆಯುವ ಕೈ ಅವರದೇ ಆಗಿರಲಿ. ಈ ಭಾನುವಾರ ಒಂದು ಕಪಾಟಿನಿಂದ ಆರಂಭಿಸಿದರೂ ಸಾಕು.